ತೊಟ್ಟಿಲಿನ ಫೈಲು

ನಮ್ಮ ಊರಲ್ಲಿ ತೆಗೆದ ವಿಡಿಯೋ ಯಾವುದೇ ಇರಲಿ, ಅದರೊಳಗೆ ಇದ್ದವರು ಕಂಪ್ಯೂಟರಿನ ಮುಂದೆ ಬಂದು ಕುಳಿತರೆ ಮಾತ್ರ ನೆಟ್ಟಗೆ ಕಾಣುತ್ತದೆ. ಬಂದವರು ಬಂದಷ್ಟು ಕಾಣುತ್ತಾರೆ. ಬಾರದವರು ಅಂಬಲಿ ಚೆಲ್ಲಿದ ಹಾಗೆ ಬರೀ ಕಲೆಯಾಗಿ ಓಡಾಡುತ್ತಾರೆ, ಅವರ ಮಾತು ಕೊಡದೊಳಗೆ ಸಿಕ್ಕ ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಕುಳಿತವರು ಕಣ್ಣು ತೆರೆದಿರಬೇಕು. ತೂಕಡಿಸಿದವರು ಬಂದ ಲೆಕ್ಕಕ್ಕಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ, ಅಲ್ಲಿ ಯಾರ ಮನೆಯ ಮದುವೆಯನ್ನು ಯಾರು ಬೇಕಾದರೂ ನೋಡಬಹುದಂತೆ. ಕೇಳಿದರೆ ನಮಗೆ ಹೇಗೋ ಆಗುತ್ತದೆ, ಬಾಗಿಲಿಲ್ಲದ ಬಚ್ಚಲು ಕಂಡ ಹಾಗೆ.

ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಮದುವೆ ಮನೆಯಲ್ಲಿ ಕ್ಯಾಮೆರಾ ತಿರುಗಿಸುವ ಮೊದಲು ಸ್ಟುಡಿಯೋ ದಸ್ತಗೀರಣ್ಣ, "ಬಂತು ನೋಡ್ರಿ, ಬಂತು" ಎಂದು ಕೂಗುತ್ತಾನೆ. ಬೇಕಾದವರು ಸೆರಗು ಸರಿಮಾಡಿಕೊಂಡು ಮುಂದೆ ಬರುತ್ತಾರೆ. ದೂರದ ಊರಿನ ನೆಂಟರು ಟವೆಲ್ಲಿನಿಂದ ಮುಖ ಮುಚ್ಚಿ ಕಂಬದ ಮರೆಗೆ ಸರಿಯುತ್ತಾರೆ. ಒಮ್ಮೆ ಒಳಗೆ ಬಿದ್ದರೆ, ಆ ಮನೆಯವರಿಗೆ ನೋಡಬೇಕು ಅನ್ನಿಸಿದಾಗಲೆಲ್ಲ ಬಸ್ಸು ಹತ್ತಿ ಬರಬೇಕಲ್ಲ. ಎತ್ತಿನ ಓಟದ ವಿಡಿಯೋ ನೋಡಲು ಎತ್ತನ್ನೇ ಹೊಡೆದುಕೊಂಡು ಬಂದ ಮೇಲೆ ದಸ್ತಗೀರಣ್ಣ ಸ್ಟುಡಿಯೋದ ಬಾಗಿಲನ್ನು ಅಗಲ ಮಾಡಿಸಿದ. ಪಂಚಾಯ್ತಿ ಅಧ್ಯಕ್ಷರು ಮಾತ್ರ ತಮ್ಮ ಭಾಷಣವನ್ನು ಮನೆಯಲ್ಲಿ ಒಬ್ಬರೇ ಕುಳಿತು ನೋಡುತ್ತಾರೆ. ಎದುರಿಗಿದ್ದ ಜನರೆಲ್ಲ ಕಲೆಯಾಗಿ ಕಂಡರೂ ಅವರಿಗೆ ಏನೂ ಬೇಸರವಿಲ್ಲ.

ಈ ಬೀಗ ಒಡೆಯಲು ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. ಡೈರಿಯ ಸೆಕ್ರೆಟರಿ ದೊಡ್ಡ ಸ್ಕ್ರೀನಿನ ಹೊಸ ಕಂಪ್ಯೂಟರ್ ತಂದ. ಕಲೆ ದೊಡ್ಡದಾಯಿತು. ಪೇಟೆಯಿಂದ ಒಬ್ಬ ಬಂದು, ಯಾವ ಫೈಲಾದರೂ ತೆರೆಯುವ ಪ್ಲೇಯರ್ ಇದು ಎಂದು ಅರ್ಧ ಊರಿಗೆ ಹಾಕಿಕೊಟ್ಟು ಹೋದ. ಗುಂಯ್ ಅನ್ನುವುದು ಗುಯ್ಯೋ ಅನ್ನತೊಡಗಿತು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಎಷ್ಟು ಬೇಕಾದರೂ ನಕಲು ಮಾಡಬಹುದು. ಆದರೆ ಬೀಗವೂ ಅದರ ಬೆನ್ನಿಗೇ ಹೋಗುತ್ತದೆ. ಯಾರಾದರೂ ಸ್ಟುಡಿಯೋಗೆ ಬಂದು ಜಗಳ ತೆಗೆದರೆ ದಸ್ತಗೀರಣ್ಣನದು ಒಂದೇ ಮಾತು:

"ನಿಮ್ಮ ಕಂಪ್ಯೂಟರ್ ಚಲೋ ಐತ್ರಿ. ಮಂದಿ ಕಡಿಮಿ ಬಿದ್ದಾರ, ಅಷ್ಟ."

ನಮ್ಮ ಮನೆಗೆ ಮಂದಿ ಕಡಿಮೆ ಬಿದ್ದದ್ದು ಗೋಡೆ ಎದ್ದ ಮೇಲೆ. ನನ್ನ ಗಂಡ, ಅವರ ತಮ್ಮ ಇಬ್ಬರೂ ಪಾಲು ಮಾಡಿಕೊಂಡರು. ಹೊಲ, ದನ, ಹಂಡೆ, ಹಾರೆ ಎಲ್ಲ ಜಗಳವಿಲ್ಲದೆ ಎರಡಾದವು. ಪಡಸಾಲೆಯ ನಡುವೆ ಗೋಡೆ ಕಟ್ಟಲು ಹೊರಟರು. ಆಳೆತ್ತರಕ್ಕೆ ಬರುವಷ್ಟರಲ್ಲಿ ಇಟ್ಟಿಗೆ ಮುಗಿದವು, ಅಣ್ಣತಮ್ಮಂದಿರ ಉಮೇದೂ ಮುಗಿಯಿತು. ಮೇಲಿನ ತೊಲೆ ಈಗಲೂ ಈ ಕಡೆಯಿಂದ ಆ ಕಡೆಗೆ ಒಂದೇ. ಅತ್ತೆ ಅಡಿವೆವ್ವ ಮಾತ್ರ ಯಾರ ಪಾಲಿಗೂ ಬರಲಿಲ್ಲ. "ನಾ ಹೊರಗಿನ ಕಟ್ಟಿ ಮ್ಯಾಲ ಇರ್ತೀನಿ. ಊಟ ಯಾರ ಕಡಿಂದ ಮೊದಲ ಬರ್ತದೋ ಅದನ್ನ ಉಣ್ತೀನಿ" ಅಂದಳು. ಹೀಗಾಗಿ ಮುದುಕಿಗೆ ಎರಡೂ ಕಡೆಯಿಂದ ಊಟ ಹೋಗುತ್ತಿತ್ತು, ಮಾತು ಯಾವ ಕಡೆಯಿಂದಲೂ ಹೋಗುತ್ತಿರಲಿಲ್ಲ. ಆಕೆಯೊಂದಿಗೆ ಆಡಿದ್ದು ಗೋಡೆಯಾಚೆ ಕೇಳಿಸುತ್ತದಲ್ಲ ಎಂಬ ಅಳುಕು ನಮಗೆ.

ಪಾಲಾಗದೆ ಉಳಿದದ್ದು ತೊಟ್ಟಿಲೊಂದೇ. ಕರಿ ಮರದ ಕಾಲು, ಮೇಲೆ ಬಣ್ಣದ ಗಿಳಿಗಳ ಸಾಲು, ತೂಗುಹಾಕಲು ಹಿತ್ತಾಳೆಯ ನಾಲ್ಕು ಸರಪಳಿ. ಗೋಣಿಚೀಲದಲ್ಲಿ ಸುತ್ತಿದ ಅದು ಗೋಡೆಯ ನೆತ್ತಿಯ ಮೇಲೆ, ಅರ್ಧ ನಮ್ಮ ಅಟ್ಟದಲ್ಲಿ ಅರ್ಧ ಅವರ ಅಟ್ಟದಲ್ಲಿ ಕುಳಿತಿತ್ತು. ನಾನು ಮುಟ್ಟಿದರೆ ಕದ್ದಳು ಅನ್ನುತ್ತಾಳೆ ನನ್ನ ಮೈದುನನ ಹೆಂಡತಿ ನಿಂಬೆವ್ವ. ಅವಳು ಮುಟ್ಟಿದರೆ ನಾನು ಅನ್ನುತ್ತೇನೆ. ಹಾಗಾಗಿ ಯಾರೂ ಮುಟ್ಟಿರಲಿಲ್ಲ.

ಆ ವರ್ಷ ನನ್ನ ಮಗಳು ಕಸ್ತೂರಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಅದೇ ವಾರ ನಿಂಬೆವ್ವನ ಮಗಳು ಮಹಾನಂದಾನೂ ಬಂದಳು, ಅವಳೂ ಚೊಚ್ಚಲವೇ. ಕಸ್ತೂರಿಯ ಅತ್ತೆ ಬೀಳ್ಕೊಡುವಾಗ ಎಲ್ಲರ ಮುಂದೆ ಕೇಳಿದ್ದಳಂತೆ: "ನಿಮ್ಮ ತವರಾಗ ಗಿಳಿ ತೊಟ್ಟಿಲ ಐತಂತಲ್ಲ, ನಮ್ಮ ಕೂಸು ಅದರಾಗ ಮಲಗತೈತಿ ಹೌದಲ್ಲೋ?" ಮಗಳು ಹೌದು ಅಂದು ಬಂದಿದ್ದಾಳೆ. ಅವಳು ಕೂಸಾಗಿದ್ದಾಗ ನಾನು ಅವಳನ್ನು ತೂಗಿದ ತೊಟ್ಟಿಲು ಅದು. ಅದನ್ನು ಗೋಡೆಯಾಚೆ ಬಿಟ್ಟುಕೊಟ್ಟು ಬೀಗರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

"ತೊಟ್ಟಿಲ ನಮ್ಮ ಕಡೆಯ ಕೂಸಿಗೆ ಅಂತ ಅತ್ತಿ ಅವತ್ತ ಹೇಳ್ಯಾಳ" ಎಂದು ನಾನು ನಮ್ಮ ಕರುವಿಗೆ ಹೇಳಿದೆ, ಗೋಡೆಯಾಚೆ ಕೇಳುವ ಹಾಗೆ.

"ಕೇಳಿದೇನ ಎಮ್ಮೀ" ಎಂದಳು ಆಚೆಯಿಂದ ನಿಂಬೆವ್ವ ತನ್ನ ಎಮ್ಮೆಗೆ. "ಅತ್ತಿ ನನಗ ಹೇಳಿದ್ದನ್ನ ಮಂದಿ ತಮಗ ಹೇಳ್ಯಾಳ ಅಂತಾರ."

ಇಬ್ಬರೂ ಹೇಳುತ್ತಿದ್ದುದು ಒಂದೇ ದಿನದ ಮಾತು. ಕೆಲವು ವರ್ಷಗಳ ಹಿಂದೆ, ಗೋಡೆ ಏಳುವ ಮೊದಲು, ನಮ್ಮ ನಾದಿನಿಯ ಮಗುವಿಗೆ ಹೆಸರಿಟ್ಟ ದಿನ. ಹೆಂಗಸರೆಲ್ಲ ಊಟಕ್ಕೆ ಎದ್ದ ಮೇಲೆ ಅತ್ತೆ, ನಾನು, ನಿಂಬೆವ್ವ ಮೂವರೇ ತೊಟ್ಟಿಲು ಬಿಚ್ಚುತ್ತಿದ್ದೆವು. ಆಗ ಅತ್ತೆ ತೊಟ್ಟಿಲಿನ ಬಗ್ಗೆ ಏನೋ ಹೇಳಿದಳು. ದಸ್ತಗೀರಣ್ಣನ ಕ್ಯಾಮೆರಾ ಓಡುತ್ತಿತ್ತು. ಆ ಫೈಲಿನ ಒಂದು ನಕಲು ನನ್ನ ಹತ್ತಿರ ಇತ್ತು, ಒಂದು ಅವಳ ಹತ್ತಿರ.

ಅತ್ತೆಯನ್ನೇ ಕೇಳಿದೆ. ಮುದುಕಿ ಕಟ್ಟೆಯ ಮೇಲೆ ಕುಳಿತು ನಶ್ಯ ಏರಿಸುತ್ತಿದ್ದಳು.

"ನನಗ ಎಲ್ಲಿ ನೆನಪವಾ ಕಲ್ಲವ್ವ. ಅವತ್ತ ಏನ ಹೇಳಿದ್ನೋ ಅದ. ವಿಡಿಯೋದಾಗ ಐತಲ್ಲ, ನೋಡಕೋರಿ."

"ಹಂಗಾರ ನಡೀರಿ, ಸ್ಟುಡಿಯೋಕ್ಕ ಹೋಗಿ ಬರೂಣು. ಇಬ್ರ ಕುಂತ್ರ ನಿಮ್ಮ ಮಾತು ಕೇಳತೈತಿ."

"ಒಬ್ಬಾಕಿ ಜೋಡಿ ನಾ ಬರಂಗಿಲ್ಲ. ನಾಳೆ ಇನ್ನೊಬ್ಬಾಕಿ, ಕಲ್ಲವ್ವ ಅತ್ತೀಗೆ ಹೇಳಿಕೊಟ್ಟು ಕರಕೊಂಡು ಹೋಗಿದ್ಲು ಅಂತಾಳ. ಕರಕೊಂಡು ಹೋದ್ರ ಇಬ್ರೂ ಕರಕೊಂಡು ಹೋಗ್ರಿ."

ನಿಂಬೆವ್ವನ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕಿಂತ ಒಬ್ಬಳೇ ನೋಡಿ ಬಿಡೋಣ ಎಂದು ಮರುದಿನ ಸ್ಟುಡಿಯೋಗೆ ಹೋದೆ. ದಸ್ತಗೀರಣ್ಣ ಫೈಲು ತೆರೆದ. ಒಂದು ಕಲೆ ಬಾಗಿತು, ಇನ್ನೊಂದು ಕಲೆ ಎದ್ದಿತು, ನಡುವೆ ನಾನು ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ನಿಂತಿದ್ದೆ. ದೊಡ್ಡ ಕಲೆ ಗುಂಯ್ ಅಂದಿತು. ನಾನು ತಲೆಯಾಡಿಸಿ, "ಆತ್ರಿ ಅತ್ತಿ, ನಾ ನೋಡ್ಕೊಂತೀನಿ" ಅಂದೆ.

"ನೋಡಿದೇನ ದಸ್ತಗೀರಣ್ಣ! ತೊಟ್ಟಿಲ ನನ್ನ ಕೈಗೆ ಒಪ್ಪಿಸ್ಯಾಳ. ಇಲ್ಲಂದ್ರ ನಾ ಯಾಕ ನೋಡ್ಕೊಂತೀನಿ ಅಂತಿದ್ದೆ?"

"ಇರಬಹುದ ಯಕ್ಕಾ" ಎಂದು ಅವನು ಕೆಮ್ಮಿದ. "ಮೊನ್ನೆ ನಿಂಬೆವ್ವಕ್ಕನೂ ಬಂದಿದ್ರು. ಅವರು ನೋಡಿದಾಗ ಅವರ ಮಾತಷ್ಟ ಕೇಳಿತು. 'ಆತ್ರಿ ಅತ್ತಿ, ನಾ ಅದೀನಲ್ಲ' ಅಂತ. ಅವರೂ ಹಿಂಗ ಕುಣದಾಡಿ ಹೋದ್ರು."

ನನಗೆ ಸಿಟ್ಟು ಬಂತು. ಸೆರಗಿನೊಳಗಿಂದ ಅತ್ತೆಯ ಫೋಟೋ ತೆಗೆದೆ. ಪಿಂಚಣಿಗೆಂದು ತೆಗೆಸಿದ್ದು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು. ಅದನ್ನು ಪಕ್ಕದ ಕುರ್ಚಿಯ ಮೇಲೆ ಕಂಪ್ಯೂಟರಿಗೆ ಎದುರಾಗಿ ಕೂರಿಸಿ, ಈಗ ಹಚ್ಚು ಅಂದೆ. ದಸ್ತಗೀರಣ್ಣ ಏನೋ ಹೇಳಲು ಬಾಯಿ ತೆರೆದವನು ಸುಮ್ಮನೆ ಹಚ್ಚಿದ. ಅತ್ತೆ ಕಂಡಳು, ನಿಜ. ಆದರೆ ಪಿಂಚಣಿ ಫೋಟೋದ ಹಾಗೆ ಬಿರುಗಣ್ಣು ಬಿಟ್ಟುಕೊಂಡು, ತುಟಿ ಬಿಗಿದುಕೊಂಡು, ಒಂದು ಮಾತೂ ಇಲ್ಲದೆ ಪಡಸಾಲೆಯ ತುಂಬ ಸರಿದಾಡಿದಳು. ನೋಡಿ ನಾನೇ ಬೆಚ್ಚಿದೆ.

"ಅದನ್ನ ಹೇಳಾಕ ಹೊಂಟಿದ್ದೆ ಯಕ್ಕಾ. ನಿಂಬೆವ್ವಕ್ಕನೂ ಫೋಟೋ ತಂದಿದ್ರು. ಅವರು ತಂದಿದ್ದು ರೇಶನ್ ಕಾರ್ಡಿನ ಫೋಟೋ. ಅದು ಇದಕ್ಕಿಂತ ಹೆದರಿಸ್ತಿತ್ತು."

ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಬೇಸರವಾದದ್ದು ಸೋತದ್ದಕ್ಕಲ್ಲ. ನಾನು ಮಾಡಬೇಕು ಅಂದುಕೊಂಡದ್ದನ್ನೆಲ್ಲ ಅವಳು ನನಗಿಂತ ಮೊದಲೇ ಮಾಡಿ ಮುಗಿಸಿದ್ದಳಲ್ಲ, ಅದಕ್ಕೆ.

ಕಸ್ತೂರಿಗೆ ದಿನ ತುಂಬುತ್ತಿತ್ತು. ಬೇರೆ ದಾರಿ ಕಾಣದೆ ಕರುವಿನ ಕಿವಿಯಲ್ಲಿ ಜೋರಾಗಿ ಹೇಳಿದೆ, "ನಾಳೆ ಮಧ್ಯಾಹ್ನ ಆಟೋ ಬರತೈತಿ, ಬರೂ ಮಂದಿ ಬರಬಹುದು." ಆಚೆಯಿಂದ ಎಮ್ಮೆಯ ಪರವಾಗಿ ಉತ್ತರ ಬಂತು, "ಹೊತ್ತಿಗೆ ಸರಿಯಾಗಿ ಬಂದ್ರ ಬರ್ತಾರ."

ಆಟೋದಲ್ಲಿ ಅತ್ತೆ ನಡುವೆ, ನಾವಿಬ್ಬರು ಎರಡು ಬದಿಗೆ, ಒಬ್ಬೊಬ್ಬರು ಒಂದೊಂದು ರಸ್ತೆ ನೋಡುತ್ತ. ಸ್ಟುಡಿಯೋ ತಲುಪಿದ ಕೂಡಲೇ ಅತ್ತೆ ಮೂಗು ಮೇಲೆತ್ತಿದಳು. ಪಕ್ಕದಲ್ಲೇ ಭಜಿ ಅಂಗಡಿ.

"ಬರೀ ಹೊಟ್ಟ್ಯಾಗ ಕುಂತ್ರ ನನ್ನ ಕಣ್ಣ ಮುಚ್ಚತಾವು. ಆಮ್ಯಾಲ ಕಾಣಲಿಲ್ಲ ಅಂದ್ರ ನನ್ನ ಅನಬ್ಯಾಡ್ರಿ."

ಮಿರ್ಚಿ ಭಜಿ ಬಂತು, ಚಹಾ ಬಂತು. ಫೈಲು ಓಡತೊಡಗಿತು. ಗೋಡೆಯಿಲ್ಲದ ಪಡಸಾಲೆ ಅಷ್ಟು ಉದ್ದವಿತ್ತೆಂದು ನನಗೆ ಮರೆತೇ ಹೋಗಿತ್ತು. ಒಂದು ಹಂಡೆಯನ್ನು ಆ ಬದಿಗೆ ನಾನು, ಈ ಬದಿಗೆ ನಿಂಬೆವ್ವ ಹಿಡಿದು ಬರುತ್ತಿದ್ದೆವು. ಇಬ್ಬರದೂ ಒಂದೇ ನಮೂನೆಯ ಸೀರೆ. ಮೂಲೆಯಲ್ಲಿ ಒಂದು ಸಣ್ಣ ಕಲೆ ಪುಟುಪುಟು ಓಡಾಡುತ್ತಿತ್ತು.

"ಅದು ಯಾರದು?" ಎಂದ ದಸ್ತಗೀರಣ್ಣ.

"ಕೋಳಿ" ಎಂದೆವು ಇಬ್ಬರೂ ಒಟ್ಟಿಗೆ. ನಾದಿನಿ ಊರಿಗೆ ಹೊರಟ ದಿನ ಅದರ ಸಾರು ಮಾಡಿದ್ದೆವು. ಅದಿನ್ನು ಸ್ಪಷ್ಟವಾಗುವ ಹಾಗಿರಲಿಲ್ಲ.

ತೊಟ್ಟಿಲು ಬಿಚ್ಚುವ ಹೊತ್ತು ಬಂತು. ಅತ್ತೆ ಸರಪಳಿಗೆ ಕೈ ಹಾಕಿದಳು, ನಮ್ಮ ಕಡೆ ತಿರುಗಿದಳು, ಬಾಯಿ ತೆರೆದಳು, ಅಷ್ಟರಲ್ಲಿ ಅಂಬಲಿಯಾಗಿ ಹೋದಳು. ಗುಂಯ್. ತಿರುಗಿ ನೋಡಿದರೆ ಕುರ್ಚಿಯಲ್ಲಿ ಮುದುಕಿ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದಾಳೆ, ಕೈಯಲ್ಲಿ ಅರ್ಧ ಭಜಿ.

"ಅತ್ತೀ, ಏಳ್ರಿ!"

"ಹಾಂ? ಮುಗೀತೇನು? ಸಾಕಾತವಾ ನನಗ. ನಾಳೆ ಬರೂಣು."

ನಾಳೆಯೂ ಬಂದೆವು, ನಾಡಿದ್ದೂ ಬಂದೆವು. ಪ್ರತಿ ಸಲವೂ ಹಂಡೆ ಬರುವವರೆಗೆ ಮುದುಕಿ ಚುರುಕಾಗಿರುತ್ತಿದ್ದಳು, ಸರಪಳಿಗೆ ಕೈ ಹಾಕಿದ ಗಳಿಗೆಗೆ ನಿದ್ದೆ. ಚಹಾಕ್ಕೆ ಪುಡಿ ಜಾಸ್ತಿ ಹಾಕಿಸಿದೆವು. ನಿಂಬೆವ್ವ ಮುದುಕಿಯ ಕಾಲು ಒತ್ತಿದಳು. ಆ ಸುಖಕ್ಕೆ ಅವಳು ಇನ್ನೂ ಬೇಗ ಮಲಗಿದಳು. ಬಂದುಹೋಗುವುದರಲ್ಲಿ ಎಮ್ಮೆ, ಕರುಗಳ ಮಧ್ಯಸ್ಥಿಕೆ ಬಿಟ್ಟುಹೋಯಿತು. ಆಟೋದಲ್ಲಿ ಒಂದು ದಿನ ನಿಂಬೆವ್ವ ರಸ್ತೆ ನೋಡುತ್ತಲೇ ಕೇಳಿದಳು:

"ಆ ಸೀರಿ ಇನ್ನೂ ಐತೇನ ಯಕ್ಕಾ ನಿಂದು?"

"ಐತಿ. ಅಂಚು ಹರದೈತಿ."

"ನಂದೂ ಅಂಚ ಹರದೈತಿ. ಅಂಗಡಿಯಾವ ಇಬ್ರಿಗೂ ಮೋಸ ಮಾಡ್ಯಾನ ಬಿಡು."

ಆದರೆ ತೊಟ್ಟಿಲಿನ ಮಾತು ಬಂದರೆ ಇಬ್ಬರೂ ಬಾಯಿ ಬಿಗಿಯುತ್ತಿದ್ದೆವು. ಅವಳ ಮಗಳಿಗೂ ಬೀಗರಿದ್ದರು, ಅವರೂ ಗಿಳಿಗಳ ಬಗ್ಗೆ ಕೇಳಿದ್ದರು.

ಕಸ್ತೂರಿಗೆ ಬೆನ್ನು ನೋವು ಕಾಣಿಸಿಕೊಂಡ ದಿನ ನಾನು ಹಟ ಹಿಡಿದೆ. ಇವತ್ತು ಗೊತ್ತಾಗಲೇಬೇಕು. ಮತ್ತೆ ಅದೇ ಭಜಿ, ಅದೇ ಹಂಡೆ, ಅದೇ ಕೋಳಿಯ ಕಲೆ. ಅತ್ತೆ ಸರಪಳಿಗೆ ಕೈ ಹಾಕಿದಳು, ಕಲೆಯಾದಳು. ಥೂ ಎಂದು ನಾನು ಕಂಪ್ಯೂಟರಿನ ಕಡೆಗೇ ನೋಡುತ್ತ ಕುಳಿತೆ. ಆಗ ಒಂದು ವಿಚಿತ್ರ ಕಂಡಿತು. ಕಲೆಯ ಎಡಗಡೆ ಮೆಲ್ಲಗೆ ತಿಳಿಯಾಯಿತು. ಅತ್ತೆಯ ಅರ್ಧ ಮುಖ, ಒಂದು ಕಣ್ಣು, ಅರ್ಧ ಮೂಗುತಿ, ತುಟಿಯ ಒಂದು ತುದಿ. ಬಲಗಡೆ ಇನ್ನೂ ಅಂಬಲಿ. ಮಾತೂ ಅರ್ಧ ಗುಂಯ್, ಅರ್ಧ ಮಾತು.

ನಾನು ಸರ್ರನೆ ತಿರುಗಿದೆ. ಗೊರಕೆ ಹೊಡೆಯುತ್ತಿದ್ದ ಮುದುಕಿಯ ಒಂದು ಕಣ್ಣು ತೆರೆದಿತ್ತು. ಅದು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಭಜಿಯ ಮೇಲಿತ್ತು.

"ಎಚ್ಚರ ಅದಾಳ!" ಎಂದು ನಾನು ಕಿರುಚಿದೆ. "ನಿಂಬೀ, ಎಚ್ಚರ ಅದಾಳ ಈಕಿ! ಇಷ್ಟ ದಿನದಿಂದ ಎಚ್ಚರ ಇದ್ಲು!"

ನಿಂಬೆವ್ವ ತಟ್ಟೆಯನ್ನು ಎತ್ತಿ ಬೆನ್ನ ಹಿಂದೆ ಹಿಡಿದಳು. "ಎರಡೂ ಕಣ್ಣ ತಗೀರಿ ಅತ್ತಿ. ಇಲ್ಲಂದ್ರ ಭಜಿ ಇಲ್ಲ."

ಮುದುಕಿ ನಿಟ್ಟುಸಿರು ಬಿಟ್ಟು ಇನ್ನೊಂದು ಕಣ್ಣನ್ನೂ ತೆರೆದಳು. ದಸ್ತಗೀರಣ್ಣ ಫೈಲನ್ನು ಸ್ವಲ್ಪ ಹಿಂದಕ್ಕೆ ಎಳೆದ. ಒಳಗಿದ್ದ ಅತ್ತೆ ಈಗ ಹಲ್ಲಿನ ಸಂದಿಯೂ ಕಾಣುವ ಹಾಗೆ ಸ್ಪಷ್ಟವಾದಳು. ಬಿಚ್ಚಿದ ತೊಟ್ಟಿಲಿನ ಕಾಲನ್ನು ಉಗುರಿನಿಂದ ಕೆರೆದು, ನಮ್ಮಿಬ್ಬರ ಕಡೆ ತಿರುಗಿ ಹೇಳಿದಳು:

"ಇದಕ್ಕ ಗೆದ್ದಲ ಹತ್ತೈತಿ. ಇನ್ನ ಯಾವ ಕೂಸನ್ನೂ ಇದರಾಗ ಹಾಕಬ್ಯಾಡ್ರಿ, ಎಂದಾದ್ರೂ ಮುರದ ಬಿದ್ದೀತು. ನಾಳೆ ಒಡದು ನೀರೊಲಿಗೆ ಹಾಕಿಬಿಡ್ರಿ."

ನಾನು ತಲೆಯಾಡಿಸಿದೆ. "ಆತ್ರಿ ಅತ್ತಿ, ನಾ ನೋಡ್ಕೊಂತೀನಿ."

"ಸರಪಳಿ ಅಷ್ಟ ತಗದಿಡ್ರಿ. ಮರೀಬ್ಯಾಡ್ರಿ ಮತ್ತ."

ನಿಂಬೆವ್ವ ತಲೆಯಾಡಿಸಿದಳು. "ಆತ್ರಿ ಅತ್ತಿ, ನಾ ಅದೀನಲ್ಲ."

ಆಮೇಲೆ ವಿಡಿಯೋದೊಳಗಿನ ನಾವಿಬ್ಬರೂ ಸೇರಿ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಜೋಪಾನವಾಗಿ ಅಟ್ಟದ ಮೇಲೆ ಇಟ್ಟೆವು. ಫೈಲು ಮುಗಿಯಿತು.

ದಸ್ತಗೀರಣ್ಣ ಇಲ್ಲದ ಕೆಲಸ ಹುಡುಕಿಕೊಂಡು ಹೊರಗೆ ಹೋದ.

"ಒಡದು ಒಲಿಗೆ ಹಾಕ್ತೀನಿ ಅಂತ ಒಪ್ಪಿಕೊಂಡಾಕಿ ನೀನ ಯಕ್ಕಾ" ಎಂದಳು ನಿಂಬೆವ್ವ ಮೆಲ್ಲಗೆ.

"ನಾ ಅದೀನಿ ಅಂತ ನೀ ಅಂದಿದ್ದಿ, ನೀ ಹಾಕ್ತಿ ಅಂತ ಬಿಟ್ಟೆ."

"ನೀ ನೋಡ್ಕೊಂತಿ ಅಂತ ನಾ ಬಿಟ್ಟೆ."

ನಕ್ಕಿದ್ದು ಯಾರು ಮೊದಲು ಎನ್ನುವುದರ ಬಗ್ಗೆ ನಮ್ಮಿಬ್ಬರಿಗೆ ಇವತ್ತಿಗೂ ಭಿನ್ನಾಭಿಪ್ರಾಯವಿದೆ. ಮುದುಕಿ ಮಾತ್ರ ನಗಲಿಲ್ಲ. ಭಜಿಗಾಗಿ ಕೈ ಚಾಚಿಕೊಂಡೇ ಇದ್ದಳು.

"ನಿಮಗ ನೆನಪಿತ್ತಲ್ರಿ ಅತ್ತಿ" ಅಂದೆ ನಾನು.

"ಇರಲಾರದ ಏನು? ನನಗೇನ ಮರವು ಬಡದೈತಿ?"

"ಮತ್ತ ಮೊದಲ ದಿನಾನ ಹೇಳಬಾರದಿತ್ತೇನ್ರಿ? ನಮ್ಮ ಜೀವ ತಿಂದ್ರಲ್ಲ!"

"ಹೇಳಿದ್ರ ಅವತ್ತ ಮುಗೀತಿತ್ತು" ಎಂದಳು ಅಡಿವೆವ್ವ ಭಜಿ ಮುರಿಯುತ್ತ. "ಆಮ್ಯಾಲ ದಿನಾ ಆಟೋದಾಗ ನನ್ನ ಯಾರ ಕರಕೊಂಡು ಬರ್ತಿದ್ರು? ಆ ಕಟ್ಟಿ ಮ್ಯಾಲ ಕುಂತು ಕುಂತು ನನಗೂ ಗೆದ್ದಲ ಹತ್ತಾಕ ಹತ್ತಿತ್ತು."

ನಿಂಬೆವ್ವ ತನ್ನ ಚಹಾವನ್ನು ಮುದುಕಿಯ ಬಸಿತಟ್ಟೆಗೆ ಬಗ್ಗಿಸಿದಳು.

ಮನೆಗೆ ಬಂದವರು ಸೀದಾ ಅಟ್ಟ ಹತ್ತಿದೆವು, ನಾನು ಈ ಕಡೆಯಿಂದ, ಅವಳು ಆ ಕಡೆಯಿಂದ. ಗೋಣಿಚೀಲ ಬಿಚ್ಚಿದಾಗ ಕಾಲು ನನ್ನ ಕೈಯಲ್ಲೇ ಹೊಟ್ಟಿನಂತೆ ಉದುರಿತು. ಗಿಳಿಗಳ ಒಳಗೆ ಬಣ್ಣ ಬಿಟ್ಟರೆ ಮರವೇ ಇರಲಿಲ್ಲ, ಮುಟ್ಟಿದರೆ ಪುಡಿ. ಬೀಗರ ಮುಂದೆ ಇದರಲ್ಲಿ ಕೂಸನ್ನು ಹಾಕಿದ್ದರೆ ಏನಾಗುತ್ತಿತ್ತೋ! ಸರಪಳಿಗಳು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಸದಾಗುವ ಹಾಗಿದ್ದವು. ಎರಡು ನಾನು ಇಟ್ಟುಕೊಂಡೆ, ಎರಡು ಅವಳ ಕಡೆಗೆ ಚಾಚಿದೆ. ಉಳಿದದ್ದು ಅಂದೇ ನೀರೊಲೆಗೆ ಹೋಯಿತು. ಆ ಒಲೆಯಲ್ಲಿ ಕಾದ ನೀರಿನಲ್ಲಿ ಇಬ್ಬರು ಬಸುರಿಯರೂ ಸ್ನಾನ ಮಾಡಿದರು.

ಕಸ್ತೂರಿ ಗಂಡು ಹೆತ್ತಳು. ಅದರ ಬೆನ್ನಿಗೇ ಮಹಾನಂದಾ ಹೆಣ್ಣು ಹೆತ್ತಳು. ಅಂಚು ಹರಿದ ಆ ಎರಡು ಸೀರೆಗಳು ಮೆತ್ತಗೆ ಮಾಗಿದ್ದವು. ಸರಪಳಿಗೆ ಅವನ್ನೇ ಕಟ್ಟಿ, ಗೋಡೆಯ ಈ ಕಡೆ ಒಂದು ಜೋಲಿ, ಆ ಕಡೆ ಒಂದು ಜೋಲಿ, ಒಂದೇ ತೊಲೆಗೆ ತೂಗುಹಾಕಿದೆವು. ಒಂದೇ ಬಣ್ಣದ ಜೋಲಿ ಎರಡನ್ನೂ ನೋಡಿ ಕಸ್ತೂರಿಯ ಅತ್ತೆ, ಇದೂ ನಿಮ್ಮ ಮನೆತನದ ಪದ್ಧತಿ ಇದ್ದೀತು ಅಂದಳು. ಹೌದು ಅಂದೆವು. ಒಂದು ತೊಂದರೆ ಮಾತ್ರ ಉಂಟು. ನಿಂಬೆವ್ವ ಜೋರಾಗಿ ತೂಗಿದರೆ ತೊಲೆ ಅಲುಗಿ ನನ್ನ ಮೊಮ್ಮಗ ಏಳುತ್ತಾನೆ. ಅವನು ಅತ್ತರೆ ಅವಳ ಮೊಮ್ಮಗಳು ಏಳುತ್ತಾಳೆ. ಹಾಗಾಗಿ ಇಬ್ಬರೂ ಒಂದೇ ಲಯದಲ್ಲಿ ತೂಗಬೇಕು. ಅದಕ್ಕೆ ಇಬ್ಬರೂ ಒಂದೇ ಹಾಡು ಹಾಡಬೇಕು. ಅವಳ ದನಿ ಸ್ವಲ್ಪ ಒಡಕು. ತಡೆದುಕೊಂಡಿದ್ದೇನೆ.

ಹೆಸರಿಡುವುದನ್ನು ಎರಡಕ್ಕೂ ಒಂದೇ ದಿನ ಮಾಡಿದೆವು. ದಸ್ತಗೀರಣ್ಣ "ಬಂತು ನೋಡ್ರಿ" ಎಂದು ಕೂಗಿದಾಗ ಯಾರೂ ಕಂಬದ ಮರೆಗೆ ಹೋಗಲಿಲ್ಲ. ಫೈಲು ಸಿದ್ಧವಾದ ಮೇಲೆ ಬಾಣಂತಿಯರು, ಗಂಡಸರು, ಕೂಸುಗಳು ಎಲ್ಲರನ್ನೂ ಕಟ್ಟಿಕೊಂಡು ಸ್ಟುಡಿಯೋಗೆ ಹೋದೆವು. ಎತ್ತಿಗೆಂದು ಅಗಲ ಮಾಡಿಸಿದ ಬಾಗಿಲು ಅವತ್ತು ನಮಗೆ ಉಪಯೋಗಕ್ಕೆ ಬಂತು. ಅತ್ತೆ ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದು, ನನ್ನನ್ನೂ ನಿಂಬೆವ್ವನನ್ನೂ ಒಮ್ಮೆ ನೋಡಿ, ಬೇಕೆಂದೇ ಎರಡೂ ಕಣ್ಣನ್ನು ಗೂಬೆಯ ಹಾಗೆ ಅಗಲ ಮಾಡಿಕೊಂಡು ಕುಳಿತಳು.

ಫೈಲು ಓಡಿತು. ಎಲ್ಲರೂ ಕಂಡರು, ಎಲ್ಲರ ಮಾತೂ ಕೇಳಿತು. ಜೋಲಿಯೊಳಗೆ ಮಾತ್ರ ಎರಡು ಪುಟ್ಟ ಕಲೆಗಳು. ಬಾಣಂತಿಯರ ಮಡಿಲಲ್ಲಿ ಕೂಸುಗಳೆರಡೂ ಗಡದ್ದಾಗಿ ನಿದ್ದೆ ಮಾಡುತ್ತಿದ್ದವು. ಕಸ್ತೂರಿ ಮಗುವಿನ ಅಂಗಾಲಿಗೆ ಕೈ ಒಯ್ದಳು.

"ಎಬ್ಬಸಬ್ಯಾಡ ಬಿಡವಾ" ಎಂದಳು ಅಡಿವೆವ್ವ, ಮೂಗನ್ನು ಪಕ್ಕದ ಅಂಗಡಿಯ ಕಡೆಗೆ ತಿರುಗಿಸಿ. "ಅವು ತಾವ ಏಳಲಿ. ಅಲ್ಲೀತನಕ ಭಜಿ ತರಸ್ರಿ."